ವಿಳಾಸ ಮರೆಸಿದರೆ ಬೀಗ ಹಾಕಿದಂತಲ್ಲ

ಕಾಂದಿವಲಿಯ ಠಾಕೂರ್ ವಿಲೇಜ್‌ನಿಂದ ಚಾರ್ಕೋಪ್‌ವರೆಗೆ ಒಂದು ಸುತ್ತು ಹಾಕಿದರೆ ಸಾಕು, ವೆಬ್‌ಸೈಟ್ ಇಲ್ಲದ ಸಂಸ್ಥೆ ಅಪರೂಪ. ಹೌಸಿಂಗ್ ಸೊಸೈಟಿ, ಪತಪೇಢಿ, ಪೆಥಾಲಜಿ ಲ್ಯಾಬ್, ಕೋಚಿಂಗ್ ಕ್ಲಾಸ್ ಎಲ್ಲವೂ ಸೈಟು ಮಾಡಿಸಿಕೊಂಡಿವೆ. ನಮ್ಮ ಊರಿನವರ ಸಂಘಗಳೂ ಹಿಂದೆ ಬಿದ್ದಿಲ್ಲ. ವಿದ್ಯಾರ್ಥಿವೇತನದ ಅರ್ಜಿ ಈಗ ಆನ್‌ಲೈನ್. ಹುಡುಗನ ಅಂಕಪಟ್ಟಿ, ಅಪ್ಪನ ಆದಾಯದ ದಾಖಲೆ, ಅಮ್ಮನ ಪಾಸ್‌ಬುಕ್ಕಿನ ಮೊದಲ ಪುಟ, ಮನೆಮಂದಿಯ ಆಧಾರ್ ಎಲ್ಲವೂ ಸಂಘದ ಸರ್ವರಿಗೆ ಹೋಗಿ ಕೂರುತ್ತವೆ. ಅಲ್ಲಿ ಅವು ಕ್ಷೇಮವೇ ಎಂದು ಕೇಳಿದರೆ ಪದಾಧಿಕಾರಿಗಳಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಆ ಲಿಂಕ್ ಯಾರಿಗೂ ಗೊತ್ತಿಲ್ಲ." ಇದು ಉತ್ತರವಲ್ಲ, ಹೊಣೆಗೇಡಿತನ.

ಗೊತ್ತಿಲ್ಲದ ಲಿಂಕು ಹೇಗೆ ಗೊತ್ತಾಗುತ್ತದೆ ಎಂಬುದನ್ನು ಈ ನಗರ ಆಗಲೇ ಕಂಡಿದೆ. 2016ರ ಡಿಸೆಂಬರ್‌ನಲ್ಲಿ ಮುಂಬಯಿಯ ಒಂದು ಲ್ಯಾಬಿನ ಹತ್ತಾರು ಸಾವಿರ ರಕ್ತಪರೀಕ್ಷೆಯ ವರದಿಗಳು, ಎಚ್‌ಐವಿ ಪರೀಕ್ಷೆಯವೂ ಸೇರಿ, ಯಾರು ಬೇಕಾದರೂ ಓದುವಂತೆ ಅಂತರ್ಜಾಲದಲ್ಲಿ ಬಿದ್ದಿದ್ದವು. 2019ರ ಜನವರಿಯಲ್ಲಿ ಟೆಕ್‌ಕ್ರಂಚ್ ಇನ್ನೊಂದು ಸಂಗತಿಯನ್ನು ಬಯಲಿಗೆ ತಂದಿತು. ಮಿಸ್ಡ್ ಕಾಲ್ ಕೊಟ್ಟರೆ ಖಾತೆಯ ಬಾಕಿ ತಿಳಿಸುವ ಸ್ಟೇಟ್ ಬ್ಯಾಂಕಿನ 'ಎಸ್‌ಬಿಐ ಕ್ವಿಕ್' ಸೇವೆಯ ಎರಡು ತಿಂಗಳ ಸಂದೇಶಗಳಿದ್ದ ಸರ್ವರಿಗೆ ಪಾಸ್‌ವರ್ಡೇ ಇರಲಿಲ್ಲ. ಆ ಸರ್ವರ್ ಇದ್ದದ್ದೂ ಮುಂಬಯಿಯ ಡೇಟಾ ಸೆಂಟರಿನಲ್ಲಿ. 2017ರಲ್ಲಿ ಸುಮಾರು 210 ಸರ್ಕಾರಿ ಇಲಾಖೆ ಮತ್ತು ಶಿಕ್ಷಣ ಸಂಸ್ಥೆಗಳ ಸೈಟುಗಳು ಫಲಾನುಭವಿಗಳ ಆಧಾರ್ ಸಂಖ್ಯೆಯನ್ನು ಬಹಿರಂಗವಾಗಿ ತೋರಿಸಿದ್ದನ್ನು ಆಧಾರ್ ಪ್ರಾಧಿಕಾರವೇ ಒಪ್ಪಿಕೊಂಡಿತ್ತು. ಇವುಗಳಲ್ಲಿ ಯಾವುದಕ್ಕೂ ಮಹಾ ಹ್ಯಾಕರ್ ಬೇಕಾಗಿರಲಿಲ್ಲ. ಒಳಗೆ ಬರುವವರನ್ನು ತಡೆಯುವವರೇ ಅಲ್ಲಿರಲಿಲ್ಲ.

ತಪ್ಪು ಎಲ್ಲಾಗುತ್ತದೆ ಎಂಬುದನ್ನು ನೋಡೋಣ. ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ಸೈಟು ಕಡತಗಳನ್ನು 'ಅಪ್‌ಲೋಡ್ಸ್' ಫೋಲ್ಡರಿನಲ್ಲಿ ವರ್ಷ, ತಿಂಗಳ ಪ್ರಕಾರ ಇಡುತ್ತದೆ. ನಿಮಗೆ ಬಂದ ಲಿಂಕಿನ ಕೊನೆಯಲ್ಲಿರುವ ಕಡತದ ಹೆಸರನ್ನು ಅಳಿಸಿ ಎಂಟರ್ ಒತ್ತಿ. ಸರ್ವರಿನಲ್ಲಿ ಪಟ್ಟಿ ತೋರಿಸುವ ಸೌಲಭ್ಯವನ್ನು ನಿಲ್ಲಿಸಿರದಿದ್ದರೆ ಆ ತಿಂಗಳು ಬಂದ ಅರ್ಜಿಗಳೆಲ್ಲ 'ಇಂಡೆಕ್ಸ್ ಆಫ್' ಎಂಬ ತಲೆಬರಹದಡಿ ಸಾಲಾಗಿ ತೆರೆದುಕೊಳ್ಳುತ್ತವೆ. ಅಪಾಚೆ ಸರ್ವರಿನಲ್ಲಿ ಇದನ್ನು ತಡೆಯಲು ಬೇಕಾದದ್ದು 'ಆಪ್ಷನ್ಸ್ ಮೈನಸ್ ಇಂಡೆಕ್ಸಸ್' ಎಂಬ ಒಂದು ಸಾಲು. ಆದರೆ ಅದು ಪಟ್ಟಿಯನ್ನಷ್ಟೇ ಮುಚ್ಚುತ್ತದೆ. ಕಡತದ ಹೆಸರು ಊಹಿಸಿದವನಿಗೆ ಕಡತ ಸಿಕ್ಕೇ ಸಿಗುತ್ತದೆ. ಗೂಗಲ್ ಬರದಿರಲಿ ಎಂದು ಬರೆಯುವ ರೋಬಾಟ್ಸ್ ಕಡತವಂತೂ ಬರೀ ವಿನಂತಿ. ಅದನ್ನು ಯಾರು ಬೇಕಾದರೂ ಓದಬಹುದಾದ್ದರಿಂದ, ಮುಚ್ಚಿಡಬೇಕಾದ ಜಾಗ ಯಾವುದೆಂದು ಕಳ್ಳನಿಗೆ ತೋರಿಸಿಕೊಟ್ಟಂತೆಯೂ ಆಗುತ್ತದೆ.

ಎರಡನೆಯ ಭ್ರಮೆ ವಿಳಾಸ ತಿದ್ದುವುದರ ಬಗ್ಗೆ. ಅಪಾಚೆಯ 'ಮಾಡ್ ರಿರೈಟ್' ಎಂಬ ಭಾಗವನ್ನು 1996ರಲ್ಲಿ ರಾಲ್ಫ್ ಎಂಗೆಲ್ಷಾಲ್ ಬರೆದರು. ಪ್ರಶ್ನಾರ್ಥಕ ಚಿಹ್ನೆ, ಸಮಚಿಹ್ನೆಗಳಿಂದ ತುಂಬಿದ ಉದ್ದ ವಿಳಾಸವನ್ನು ಅದು ಓದಲು ಹಿತವಾಗುವಂತೆ ಚಿಕ್ಕದಾಗಿಸಿ ಕೊಡುತ್ತದೆ. ಅದು ಒಳ್ಳೆಯ ಸಲಕರಣೆ, ಅನುಮಾನವಿಲ್ಲ. ಆದರೆ ಕೇಳುತ್ತಿರುವವರು ಯಾರು ಎಂಬುದನ್ನು ಅದು ತಾನಾಗಿ ವಿಚಾರಿಸುವುದಿಲ್ಲ. 'ರಿಪೋರ್ಟ್/4521' ಎಂಬಲ್ಲಿ ನಿಮ್ಮ ವರದಿ ಇದ್ದರೆ, ಕೊನೆಯ ಅಂಕಿಯನ್ನು 2 ಮಾಡಿದವನಿಗೆ ಪಕ್ಕದ ಮನೆಯವರ ವರದಿ ಸಿಗಬಹುದು. ಹೊಸ ವಿಳಾಸಕ್ಕೆ ಮಾತ್ರ ನಿರ್ಬಂಧ ಹಾಕಿದರೆ ಹಳೆಯ ವಿಳಾಸ ತೆರೆದೇ ಇರುತ್ತದೆ. ಅದಕ್ಕೇ ಕಡತವಿರುವ ಫೋಲ್ಡರಿಗೆ 'ಡೈರೆಕ್ಟರಿ' ನಿಯಮ ಬರೆಯಬೇಕು, ತೋರಿಕೆಯ ವಿಳಾಸಕ್ಕೆ ಬರೆಯುವ 'ಲೊಕೇಷನ್' ನಿಯಮವನ್ನೇ ನಂಬಬಾರದು ಎಂದು ಅಪಾಚೆಯ ಕೈಪಿಡಿ ಎಚ್ಚರಿಸುತ್ತದೆ. ಯಾವ ಪುಟದಿಂದ ಬಂದರು ಎಂದು ನೋಡಿ ಒಳಗೆ ಬಿಡುವ ನಿಯಮವೂ ಟೊಳ್ಳು. ಆ ಮಾಹಿತಿಯನ್ನು ಕಳಿಸುವವನು ಬರುವವನೇ, ಸುಳ್ಳು ಬರೆದು ಕಳಿಸಿದರೂ ಸರ್ವರಿಗೆ ತಿಳಿಯದು.

ಮೂರನೆಯದು ಸ್ಥಳಾಂತರ. ಖರ್ಚು ಉಳಿಸಲು ಸೈಟನ್ನು ಒಂದು ಹೋಸ್ಟಿಂಗ್‌ನಿಂದ ಇನ್ನೊಂದಕ್ಕೆ ಸಾಗಿಸುತ್ತಾರೆ. ಅಪಾಚೆಯಲ್ಲಿ ನಿಯಮಗಳನ್ನು ಹೊತ್ತಿದ್ದ 'ಡಾಟ್ ಎಚ್‌ಟಿಆಕ್ಸೆಸ್' ಕಡತವನ್ನು ಎಂಜಿನ್‌ಎಕ್ಸ್ ಸರ್ವರ್ ಓದುವುದೇ ಇಲ್ಲ. ಕಡತ ಇದ್ದಲ್ಲೇ ಇರುತ್ತದೆ, ನಿಯಮ ಸತ್ತಿರುತ್ತದೆ. ಸೈಟು ಎಂದಿನಂತೆ ತೆರೆದುಕೊಳ್ಳುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ.

ಇವಕ್ಕೆಲ್ಲ ಮದ್ದು ಒಂದೇ ತತ್ತ್ವದಲ್ಲಿದೆ: ಮೊದಲು ಎಲ್ಲವನ್ನೂ ಮುಚ್ಚಿ, ಆಮೇಲೆ ಬೇಕಾದ್ದನ್ನಷ್ಟೇ ತೆರೆಯಿರಿ. 2021ರ ಅಕ್ಟೋಬರ್‌ನಲ್ಲಿ ಅಪಾಚೆ 2.4.49ರಲ್ಲಿ ದೊಡ್ಡ ಲೋಪ ಪತ್ತೆಯಾಯಿತು. ವಿಳಾಸದ ಚುಕ್ಕೆಗಳನ್ನು ಸಂಕೇತದಲ್ಲಿ ಬರೆದು ಕಳಿಸಿದರೆ ಸೈಟಿನ ಫೋಲ್ಡರಿನ ಹೊರಗಿದ್ದ ಕಡತಗಳನ್ನೂ ಓದಬಹುದಿತ್ತು. ಮೊದಲ ತಿದ್ದುಪಡಿ ಸಾಲದೆ, ಕೆಲವೇ ದಿನಗಳಲ್ಲಿ ಎರಡನೆಯದನ್ನು ಹೊರಡಿಸಬೇಕಾಯಿತು. ಆದರೆ ಆ ಹೊರಗಿನ ಕಡತಗಳಿಗೆ 'ರಿಕ್ವೈರ್ ಆಲ್ ಡಿನೈಡ್' ಎಂಬ ನಿಯಮ ಮೊದಲೇ ಇದ್ದಲ್ಲಿ ಈ ದಾಳಿ ನಡೆಯಲಿಲ್ಲ. ಸಾಫ್ಟ್‌ವೇರ್ ಬರೆದವರೇ ಎಡವಿದಾಗಲೂ ಮೂರು ಪದಗಳ ಒಂದು ಸಾಲು ಸರ್ವರನ್ನು ಕಾಯಿತು.

"ನಾವು ಚಿಕ್ಕ ಸಂಸ್ಥೆ, ಸೇವೆಗಾಗಿ ದುಡಿಯುವವರು, ಸೈಟು ಮಾಡಿದ ಹುಡುಗ ಕೆಲಸ ಬಿಟ್ಟು ಹೋದ" ಎನ್ನುವವರಿದ್ದಾರೆ. ಸೇವೆಯ ಮಾತು ನಿಜವೇ. ಆದರೆ ಅರ್ಜಿ ಹಾಕಿದ ತಾಯಿ ದಾಖಲೆ ಕೊಟ್ಟದ್ದು ಸಂಘದ ಹೆಸರನ್ನು ನಂಬಿ, ಹುಡುಗನನ್ನು ನೋಡಿ ಅಲ್ಲ. ಕಾನೂನೂ ಈ ನೆಪವನ್ನು ಒಪ್ಪುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೆಲಸವನ್ನು ಬೇರೆಯವರಿಗೆ ವಹಿಸಿದ್ದರೂ ಹೊಣೆ ದತ್ತಾಂಶ ಪಡೆದ ಸಂಸ್ಥೆಯದೇ. ತಕ್ಕ ಭದ್ರತೆ ಒದಗಿಸದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ, ಹಂತಹಂತವಾಗಿ ಜಾರಿಗೆ ಬರುತ್ತಿವೆ. ಆ ಗಡುವಿನವರೆಗೆ ಕಾಯುತ್ತೇವೆ ಎನ್ನುವುದು ಇನ್ನೊಂದು ಕಳ್ಳನೆಪ.

ಸಂಘ, ಸೊಸೈಟಿಗಳು ಮಾಡಬೇಕಾದ್ದು ಸ್ಪಷ್ಟ. ಆಯ್ಕೆ ಮುಗಿದ ಕೂಡಲೇ, ಇಟ್ಟುಕೊಳ್ಳಲೇಬೇಕಾದ ಕಾರಣವಿಲ್ಲದ ಅರ್ಜಿದಾರರ ದಾಖಲೆಗಳನ್ನು ಸರ್ವರಿನಿಂದ ಅಳಿಸಲಿ. ಉಳಿದವನ್ನು ಸೈಟಿನ ಫೋಲ್ಡರಿನಿಂದ ಹೊರಗೆ, ಲಾಗಿನ್ ಆದವರು ತಮ್ಮದನ್ನು ಮಾತ್ರ ನೋಡುವಂತೆ ಇಡಲಿ. ಸರ್ವರಿನ ಪಾಸ್‌ವರ್ಡ್ ಹೊರಗಿನ ಹುಡುಗನೊಬ್ಬನ ಕೈಯಲ್ಲೇ ಉಳಿಯದೆ ಕಮಿಟಿಯ ವಶಕ್ಕೆ ಬರಲಿ. ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಡಿಸುವಂತೆ ಸರ್ವರಿನ ತಪಾಸಣೆಯ ವರದಿಯೂ ಮಂಡನೆಯಾಗಲಿ. ಇದಕ್ಕೆ ತಗಲುವ ಖರ್ಚು ವಾರ್ಷಿಕೋತ್ಸವದ ಪೆಂಡಾಲಿನ ಖರ್ಚಿಗಿಂತ ಹೆಚ್ಚೇನಾಗದು.

ಇಷ್ಟನ್ನೂ ಮಾಡಲಾಗದ ಸಂಸ್ಥೆ ಜನರ ಆಧಾರ್, ಅಂಕಪಟ್ಟಿ, ಪಾಸ್‌ಬುಕ್ ಕೇಳುವ ಹಕ್ಕನ್ನು ಕಳೆದುಕೊಂಡಿದೆ. ಅಂಥದ್ದು ಆನ್‌ಲೈನ್ ಅರ್ಜಿಯನ್ನು ಇಂದೇ ನಿಲ್ಲಿಸಿ ಕಾಗದದ ಅರ್ಜಿಗೆ ಮರಳಲಿ.