ಪಟ್ಟಿ ಬರೆಯುವವರ ಪರವಾಗಿ

ಆಕಾಶದಲ್ಲಿ ಏನೇನಿದೆಯೆಂದು ಪಟ್ಟಿ ಮಾಡುತ್ತ ಕುಳಿತರೆ ಬಂಟ್ವಾಳದ ಗದ್ದೆಗೆ ಬಂದ ಲಾಭವೇನು ಎಂದು ಕೇಳುವವರು ನಮ್ಮಲ್ಲಿ ಹಲವರುಂಟು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಹುಡುಕುವುದು ಕಲಾ ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯವೂ ಹೌದೆಂಬುದು ನನ್ನ ಮತ.

ಆಕಾಶದಿಂದ ಬರುವುದು ಬೆಳಕು ಮಾತ್ರವಲ್ಲ. ಅಲ್ಲಿನ ಕಾಂತಕ್ಷೇತ್ರಗಳಲ್ಲಿ ಸುತ್ತುವ ಎಲೆಕ್ಟ್ರಾನುಗಳು ರೇಡಿಯೋ ಅಲೆಗಳನ್ನು ಸೂಸುತ್ತವೆ. ಅವು ಹಳತಾಗಿ ಶಕ್ತಿಗುಂದಿದಂತೆ ಕಿರಿಯ ಅಲೆಗಳು ಮೊದಲು ಅಡಗಿ, ನೀಳವಾದ ಅಲೆಗಳಷ್ಟೇ ಉಳಿಯುತ್ತವೆ. ಆದುದರಿಂದ ಆಕಾಶದ ಹಳೆಯ ವೃತ್ತಾಂತವನ್ನು ತಿಳಿಯಲು ಕಡಿಮೆ ಕಂಪನಾಂಕದ ರೇಡಿಯೋ ದೂರದರ್ಶಕಗಳೇ ಬೇಕು.

ಅಂಥದೊಂದನ್ನು 1970ರ ದಶಕದಲ್ಲಿ ನಮ್ಮ ನಾಡಿನ ಗೌರಿಬಿದನೂರಿನ ಬಳಿ ಕಟ್ಟಿದರು. ಅದರಲ್ಲಿ ಹೊಳೆಯುವ ದೊಡ್ಡ ತಟ್ಟೆಗಳಿರಲಿಲ್ಲ. ಬಯಲಿನಲ್ಲಿ ‘ಟಿ’ ಅಕ್ಷರದ ಆಕಾರದಲ್ಲಿ ನಿಲ್ಲಿಸಿದ 1000 ಡೈಪೋಲುಗಳಿದ್ದವು. ಪೂರ್ವ ಪಶ್ಚಿಮವಾಗಿ ಅದರ ಉದ್ದ ಸುಮಾರು 1.4 ಕಿಲೋಮೀಟರು. 34.5 ಮೆಗಾಹರ್ಟ್ಸಿನಲ್ಲಿ, ಅಂದರೆ ಸುಮಾರು 8.7 ಮೀಟರು ಉದ್ದದ ಅಲೆಯಲ್ಲಿ, ಅದು ಕಂಡ ಆಕಾಶದ ಸಮೀಕ್ಷೆಯನ್ನು ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಅವರು 1990ರಲ್ಲಿ ಪ್ರಕಟಿಸಿದರು. ಮುಂದೆ ಪುಣೆಯ ಬಳಿಯ ಖೋಡದದಲ್ಲಿ, ತಲಾ 45 ಮೀಟರು ಅಗಲದ 30 ತಟ್ಟೆಗಳುಳ್ಳ ದೂರದರ್ಶಕವು 150 ಮೆಗಾಹರ್ಟ್ಸಿನಲ್ಲಿ ಕಂಡುದರಿಂದ ಸುಮಾರು 6.2 ಲಕ್ಷ ಮೂಲಗಳ ಪಟ್ಟಿ ಸಿದ್ಧವಾಗಿ 2017ರಲ್ಲಿ ಪ್ರಕಟವಾಯಿತು. ಅದನ್ನು ಯಾರು ಬೇಕಾದರೂ ನೋಡಬಹುದು.

ಇಷ್ಟರಲ್ಲಿ ಯಾವುದು ಮುಖ್ಯ, ಯಾವುದು ಅಮುಖ್ಯ? ಸಮೀಕ್ಷೆ ಮಾಡುವವನು ಅದನ್ನು ಮೊದಲೇ ತೀರ್ಮಾನಿಸುವುದಿಲ್ಲ. ಅವನ ಹಿರಿಮೆಯೇ ಅದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಚೆಲುವಾದ ಪದಗಳಷ್ಟೇ ಇದ್ದಿದ್ದರೆ ನಾವು ಇಂದು ಅದನ್ನು ತೆರೆಯುತ್ತಿದ್ದೆವೇ?

ಇನ್ನೊಂದು ಮಾತು. ಊರು ಬೆಳೆದಂತೆ ಮೋಟಾರು, ವಿದ್ಯುತ್ ತಂತಿ, ಪ್ರಸಾರಕೇಂದ್ರಗಳ ಗದ್ದಲ ಹೆಚ್ಚಿ ಆಕಾಶದ ಕ್ಷೀಣಧ್ವನಿ ಅದರಲ್ಲಿ ಮುಳುಗುತ್ತದೆ. ಪಟ್ಟಿ ಬರೆಯುವುದಕ್ಕೂ ಒಂದು ಕಾಲವುಂಟು. ಅದು ಮೀರಿದರೆ ಕೆಲಸ ಕಷ್ಟ.

ಗದ್ದೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಬೈಲು, ಮಜಲು, ಬೆಟ್ಟು ಎಂದು ನೀರಿನ ಆಸರೆ ನೋಡಿ ಗದ್ದೆಗಳಿಗೆ ಹೆಸರಿಟ್ಟವರು ನಮ್ಮ ಹಿರಿಯರು. ಒಂದೊಂದು ಗದ್ದೆಗೆ, ತೋಡಿಗೆ, ಬತ್ತದ ತಳಿಗೆ ಇದ್ದ ತುಳು ಹೆಸರುಗಳು ಅಡಿಕೆ, ರಬ್ಬರಿನ ತೋಟಗಳಡಿ ಮರೆಯಾಗುತ್ತಿವೆ. ಬಲ್ಲ ಅಜ್ಜಂದಿರು ಇನ್ನೂ ಕೆಲವರಿದ್ದಾರೆ. ಸಹಪಾಠಿಗಳೇ, ಈ ರಜೆಯಲ್ಲಿ ಒಬ್ಬೊಬ್ಬರು ತಮ್ಮ ಊರಿನ ಹೆಸರುಗಳನ್ನು, ಒಂದನ್ನೂ ಬಿಡದೆ, ಬರೆದು ತರೋಣ. ಅಧ್ಯಾಪಕರು ಅವನ್ನು ನಮ್ಮ ಗ್ರಂಥಾಲಯದಲ್ಲಿ ಕಾಪಿಡಲಿ. ಗೌರಿಬಿದನೂರಿನ ಬಯಲಿನಿಂದ ನಾವು ಕಲಿಯಬೇಕಾದ ಪಾಠ ಇದೇ.