ಕಿಡ್ನಿ ಕಾಯಿಲೆ ಗಂಡನಿಗೆ, ಟೆಸ್ಟ್ ಮಾತ್ರ ಹೆಂಡತಿಗೆ

ಕಿಡ್ನಿ ಸರಣಿ | ಕಂತು 6

ಉಪ್ಪು, ನೀರು, ಪೊಟ್ಯಾಸಿಯಂ ಅಂತ ಐದು ಕಂತು ಬರೆದಾಯ್ತು. ಇನ್‌ಬಾಕ್ಸ್‌ಗೆ ಬರೋ ಒಂದು ಪ್ರಶ್ನೆ ಮಾತ್ರ ಯಾವಾಗಲೂ ಹೆಂಗಸರಿಂದಲೇ ಬರುತ್ತೆ. "ಇವರಿಗೆ ಡಯಾಲಿಸಿಸ್ ನಡೀತಿದೆ. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ನನ್ನ ಸ್ಕ್ಯಾನ್, ಹಾರ್ಮೋನು ಎಲ್ಲ ನಾರ್ಮಲ್. ಇನ್ನೇನು ಟೆಸ್ಟ್ ಮಾಡಿಸಲಿ?" ಅಂತ. ಅವರದ್ದು ಮಾಡಿಸಿದ್ರಾ ಅಂತ ಕೇಳಿದ್ರೆ ಆ ಕಡೆಯಿಂದ ಉತ್ತರ ಇಲ್ಲ.

ನಮ್ಮ ಭಾಷೆಯನ್ನೇ ನೋಡಿ. 'ಬಂಜೆ' ಅನ್ನೋ ಮಾತು ಹೆಣ್ಣಿಗಷ್ಟೇ ಇದೆ. ಗಂಡಸಿಗಿರೋದು 'ಷಂಡ' ಅನ್ನೋ ಬೈಗುಳ, ಅದರ ಅರ್ಥವೇ ಬೇರೆ. ನಿಮಿರುವಿಕೆ ಸರಿ ಇದ್ದವನಿಗೂ ವೀರ್ಯಾಣು ಕಮ್ಮಿ ಇರಬಹುದು. ಕಿಡ್ನಿ ಕಾಯಿಲೆಯಲ್ಲಿ ಎರಡಕ್ಕೂ ಪೆಟ್ಟು ಬೀಳುತ್ತೆ, ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಒಳಗೆ ಆಗೋದು ಇಷ್ಟು. ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನೋ ಎರಡು ಹಾರ್ಮೋನು ಕಳಿಸುತ್ತೆ. ಮೊದಲನೆಯದು ವೃಷಣಕ್ಕೆ 'ಟೆಸ್ಟೋಸ್ಟೆರಾನ್ ಮಾಡು' ಅನ್ನುತ್ತೆ, ಎರಡನೆಯದು ವೀರ್ಯಾಣು ತಯಾರಿಯನ್ನ ನೋಡ್ಕೊಳ್ಳುತ್ತೆ. ಕಿಡ್ನಿ ಸೋತಾಗ ವೃಷಣ ಆ ಮಾತನ್ನ ಸರಿಯಾಗಿ ಕೇಳಲ್ಲ, ಟೆಸ್ಟೋಸ್ಟೆರಾನ್ ಇಳಿಯುತ್ತೆ. ಕಿಡ್ನಿ ಹೊರಹಾಕಬೇಕಿದ್ದ ಪ್ರೊಲ್ಯಾಕ್ಟಿನ್ ರಕ್ತದಲ್ಲೇ ಉಳಿದು ಮೇಲಿನಿಂದ ಬರೋ ಸಂದೇಶವನ್ನೂ ಮಂಕು ಮಾಡುತ್ತೆ. ಆಸೆ ಕಮ್ಮಿಯಾಗೋದು, ಕೆಲವರಿಗೆ ಎದೆ ಊದೋದು, ವೀರ್ಯಾಣುಗಳ ಸಂಖ್ಯೆ ಮತ್ತು ಓಟ ಎರಡೂ ಕುಗ್ಗೋದು, ಎಲ್ಲದರ ಹಿಂದೆ ಈ ಏರುಪೇರು ಇರುತ್ತೆ. ಡಯಾಲಿಸಿಸ್ ಕಸ ತೆಗೆಯುತ್ತೆ ನಿಜ, ಇದನ್ನ ಮಾತ್ರ ಸರಿ ಮಾಡಲ್ಲ. ಡಯಾಲಿಸಿಸ್‌ನಲ್ಲಿರೋ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ನಿಮಿರುವಿಕೆಯ ತೊಂದರೆ ಇದೆ. ಪಕ್ಕದ ಬೆಡ್‌ನವರಿಗೂ ಇರುತ್ತೆ, ಅವರೂ ಹೇಳಲ್ಲ ಅಷ್ಟೆ.

ಹಿಮೋಗ್ಲೋಬಿನ್, ಫಾಸ್ಫರಸ್ಸನ್ನ ತಿಂಗಳು ತಿಂಗಳು ನೋಡೋ ಕಡೆ 'ಮಕ್ಕಳು ಬೇಕು ಅಂತಿದೀರಾ?' ಅನ್ನೋ ಒಂದು ಪ್ರಶ್ನೆಗೆ ಜಾಗ ಇಲ್ಲ. ಓಪಿಡಿಯಲ್ಲಿ ಜನಜಂಗುಳಿ ಅನ್ನೋದು ಗೊತ್ತು, ಹುಡುಗನ ಪಕ್ಕ ಅಮ್ಮ ನಿಂತಿರ್ತಾರೆ ಅನ್ನೋದೂ ಗೊತ್ತು. ಎರಡು ನಿಮಿಷ ಅಮ್ಮನನ್ನ ಹೊರಗೆ ಕೂರಿಸಿದ್ರೆ ಆಯ್ತಲ್ಲ.

ಯಾಕಿಷ್ಟು ಒತ್ತಾಯ ಅಂದ್ರೆ, ಕೆಲವು ಸಲ ತಡವಾದ್ರೆ ದಾರಿಯೇ ಮುಚ್ಚಿಹೋಗುತ್ತೆ. ಲೂಪಸ್, ವ್ಯಾಸ್ಕ್ಯುಲೈಟಿಸ್‌ನಿಂದ ಕಿಡ್ನಿ ಕೆಟ್ಟವರಿಗೆ ಸೈಕ್ಲೋಫಾಸ್ಫಮೈಡ್ ಕೊಡೋದುಂಟು. ಕಿಡ್ನಿ ಉಳಿಸೋ ಒಳ್ಳೆ ಔಷಧಿ ಅದು. ಆದ್ರೆ ಒಟ್ಟು ಡೋಸ್ ಏರಿದಷ್ಟೂ ವೀರ್ಯಾಣು ಹುಟ್ಟೋ ಜಾಗವೇ ಹಾಳಾಗಬಹುದು, ಕೆಲವರಿಗೆ ಶಾಶ್ವತವಾಗಿ. ಶುರು ಮಾಡೋ ಮುಂಚೆ ವೀರ್ಯ ಕೊಟ್ಟು ಫ್ರೀಜ್ ಮಾಡಿಸಿಡಬಹುದು. 22ರ ಹುಡುಗನಿಗೆ ಇದನ್ನ ಹೇಳೋಕೆ ಡಾಕ್ಟರೂ ನಾಚಿ, ಮನೆಯವರೂ ನಾಚಿದ್ರೆ ನಷ್ಟ ಅವನಿಗೆ. ತುರ್ತು ಇದ್ದಾಗ ಕಾಯೋಕಾಗಲ್ಲ, ಒಪ್ತೀನಿ. ಆಗಲೂ ವಿಷಯ ಅವನ ಕಿವಿಗೆ ಬೀಳಬೇಕು.

ಇನ್ನೊಂದು ಗುಂಡಿ ಟೆಸ್ಟೋಸ್ಟೆರಾನ್ ಇಂಜೆಕ್ಷನ್. 'ಲೆವೆಲ್ ಕಮ್ಮಿ ಇದೆ, ಹಾಕಿಸ್ಕೊಂಡ್ರೆ ಮಗು ಆಗುತ್ತೆ' ಅಂತ ಜಿಮ್ ಅಣ್ಣಂದಿರು ಹೇಳ್ತಾರೆ. ನಡೆಯೋದು ಉಲ್ಟಾ. ಹೊರಗಿಂದ ಬಂದಿದ್ದನ್ನ ನೋಡಿ ಪಿಟ್ಯುಟರಿ 'ಸಾಕು' ಅಂತ ಎಲ್‌ಎಚ್, ಎಫ್‌ಎಸ್‌ಎಚ್ ನಿಲ್ಲಿಸುತ್ತೆ, ಇದ್ದಬದ್ದ ವೀರ್ಯಾಣುವೂ ಇಳಿಯುತ್ತೆ. ಇಂಜೆಕ್ಷನ್ ಬೇಕಾದವರು ಇದ್ದಾರೆ, ಆದ್ರೆ ಸದ್ಯ ಮಗು ಬೇಕು ಅನ್ನೋರಿಗೆ ಅದಲ್ಲ. ಬಸ್‌ಸ್ಟ್ಯಾಂಡ್ ಗೋಡೆ ಮೇಲಿನ 'ಶಕ್ತಿ' ಔಷಧಿ ಬಗ್ಗೆ ಏನು ಹೇಳೋದು! ಸೀಸ, ಪಾದರಸ ಬೆರೆತ ಭಸ್ಮ ತಿಂದ್ರೆ ಉಳಿದಿರೋ ಕಿಡ್ನಿಯೂ ಹೋಗುತ್ತೆ. ಸಿಲ್ಡೆನಾಫಿಲ್ ಮಾತ್ರೆಯನ್ನ ಕೂಡ ಕೇಳದೆ ನುಂಗಬೇಡಿ. ಹೃದಯಕ್ಕೆ ನೈಟ್ರೇಟ್ ಮಾತ್ರೆ ತಗೊಳ್ಳೋರಿಗೆ ಬಿಪಿ ಪ್ರಾಣಾಪಾಯವಾಗೋಷ್ಟು ಕುಸಿಯುತ್ತೆ.

ಕಸಿ ಆದ ಮೇಲೆ ಬಹಳ ಜನಕ್ಕೆ ಹಾರ್ಮೋನು ಸುಧಾರಿಸುತ್ತೆ, ಅಪ್ಪ ಆದವರು ಬೇಕಾದಷ್ಟಿದ್ದಾರೆ. ವೀರ್ಯಾಣು ಎಲ್ಲರಿಗೂ ಪೂರ್ತಿ ವಾಪಸ್ ಬರಲ್ಲ. ಸಿರೋಲಿಮಸ್ ತಗೊಳ್ತಿದ್ರೆ ಅದೇ ಅಡ್ಡಿಯಾಗಿರಬಹುದು. ಬದಲಿ ಇದೆಯಾ ಅಂತ ಡಾಕ್ಟರನ್ನ ಕೇಳಿ, ನೀವಾಗೇ ನಿಲ್ಲಿಸಿದ್ರೆ ಹೊಸ ಕಿಡ್ನಿ ಹೋಗುತ್ತೆ.

ನಮ್ಮ ದೇಶದಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡೋರಲ್ಲಿ ಹೆಂಗಸರೇ ಹೆಚ್ಚು, ಅದರಲ್ಲೂ ಅಮ್ಮ, ಹೆಂಡತಿ. ಕಿಡ್ನಿ ಕೊಟ್ಟ ಮೇಲೆ ಗರ್ಭಿಣಿಯಾದ್ರೆ ಬಿಪಿ ಏರೋ ಸಾಧ್ಯತೆ ತುಸು ಹೆಚ್ಚು. ಹೆಚ್ಚಿನವರಿಗೆ ಹೆರಿಗೆ ಸುಸೂತ್ರವಾಗೇ ಆಗುತ್ತೆ. ಆದ್ರೂ ಹೆಂಡತಿ ಡೋನರ್ ಅಂತ ಸಹಿ ಹಾಕೋ ಮುಂಚೆ ಮಕ್ಕಳ ಮಾತು ಮುಗಿದಿರಬೇಕು. ಕಿಡ್ನಿನೂ ಕೊಟ್ಟು, ಊರ ಬಾಯಲ್ಲಿ ಬಂಜೆನೂ ಅನ್ನಿಸ್ಕೊಂಡವರ ಮೆಸೇಜ್ ಓದೋಕೆ ನನ್ನಿಂದ ಆಗಲ್ಲ.

ಹೆಂಡತಿಗೆ ಎರಡನೇ ಸ್ಕ್ಯಾನ್ ಬರೆಸೋ ಮುಂಚೆ ಗಂಡನ ವೀರ್ಯ ಪರೀಕ್ಷೆ ಆಗಲಿ. ಸೂಜಿ ಇಲ್ಲ, ನೋವಿಲ್ಲ. 2ರಿಂದ 7 ದಿನ ಸಂಯಮ ಇಟ್ಟು ಸ್ಯಾಂಪಲ್ ಕೊಡೋದು. ಜೊತೆಗೆ ಬೆಳಿಗ್ಗೆ ಹೊತ್ತಿನ ಟೆಸ್ಟೋಸ್ಟೆರಾನ್, ಪ್ರೊಲ್ಯಾಕ್ಟಿನ್. ರಿಪೋರ್ಟ್ ನನಗೆ ಕಳಿಸಬೇಡಿ, ನಿಮ್ಮ ನೆಫ್ರಾಲಜಿಸ್ಟ್‌ಗೆ ತೋರಿಸಿ.

ಮುಂದಿನ ಕಂತು: ಫಿಸ್ಟುಲಾ ಇರೋ ಕೈಯನ್ನ ನೋಡ್ಕೊಳ್ಳೋದು ಹೇಗೆ.

#ಕಿಡ್ನಿಸರಣಿ #ಡಯಾಲಿಸಿಸ್ #ಗಂಡಸರಆರೋಗ್ಯ