ಆ ಬಾಣಂತಿಯನ್ನು ಊರಿಗೆ ಕರೆಸಬೇಡಿ

ಅಫಜಲಪುರ ತಾಲ್ಲೂಕಿನ ಸೊನ್ನ ಇರಲಿ, ಜೇವರ್ಗಿ ತಾಲ್ಲೂಕಿನ ಸೊನ್ನ ಇರಲಿ, ಆಳಂದದ ಕಡೆಯ ಊರುಗಳಿರಲಿ, ಎಲ್ಲ ಹಿರಿಯರಿಗೂ ಅಕ್ಕ-ತಂಗಿಯರಿಗೂ ಕೈಮುಗಿದು ಒಂದು ಮಾತು ಕೇಳಿಕೊಳ್ಳುತ್ತಿದ್ದೇನೆ. ನಿಮ್ಮ ಓಣಿಯ ಕೂಸೊಂದು ಹುಟ್ಟಿದ ವಾರದೊಳಗೇ ಹೃದಯದ ತೊಂದರೆಯೆಂದು ಕಲಬುರಗಿಗೋ ಬೆಂಗಳೂರಿಗೋ ಹೋಗಿ ಸೇರಿದರೆ, ಅದರ ತಾಯಿಯನ್ನು ಊರಿಗೆ ಕರೆಸಬೇಡಿ. ತೊಟ್ಟಿಲ ಶಾಸ್ತ್ರಕ್ಕೆ ಬೇಡ, ಬಾಣಂತನದ ನೆಪಕ್ಕೆ ಬೇಡ, ತೊಗರಿ ರಾಶಿಗಂತೂ ಬೇಡವೇ ಬೇಡ.

ಇಂಥ ಕೂಸುಗಳು ಎಲ್ಲೋ ಲಕ್ಷಕ್ಕೊಂದು ಎಂದು ತಿಳಿಯಬೇಡಿ. ಹುಟ್ಟುವ ಸಾವಿರ ಮಕ್ಕಳಲ್ಲಿ ಎಂಟು-ಒಂಬತ್ತು ಮಕ್ಕಳ ಹೃದಯದಲ್ಲಿ ಹುಟ್ಟಿನಿಂದಲೇ ಏನಾದರೊಂದು ದೋಷವಿರುತ್ತದೆ. ಅವರಲ್ಲಿ ಸುಮಾರು ಕಾಲು ಭಾಗಕ್ಕೆ ಮೊದಲ ವರ್ಷದಲ್ಲೇ ಚಿಕಿತ್ಸೆ ಆಗಬೇಕು. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿ ಹುಟ್ಟಿದ ಮಗುವಿಗೆ ವರ್ಷವಲ್ಲ, ಮೊದಲ ಕೆಲವು ವಾರಗಳಷ್ಟೇ ಗಡುವು.

ಹಣದ ದಾರಿ ಮೊದಲಿನಷ್ಟು ಮುಚ್ಚಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಬಂದ ಹೃದಯದೋಷವೂ ಸೇರಿದೆ. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯಿದೆ. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲೇ ಜಯದೇವ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆ ಬಾಗಿಲು ತೆರೆಯಿತು. ಆದರೂ ಕೆಲವು ಕೂಸುಗಳನ್ನು ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರಿಗೆ ಒಯ್ಯಬೇಕಾಗುತ್ತದೆ. ಅಲ್ಲಿ ಉಳಿದಷ್ಟು ದಿನ ಗಂಡ-ಹೆಂಡತಿ ಕಳೆದುಕೊಂಡ ಕೂಲಿಯನ್ನು ಯಾವ ಕಾರ್ಡೂ ತುಂಬಿಕೊಡುವುದಿಲ್ಲ. ಮನೆಯಲ್ಲಿ ಬಿಟ್ಟುಬಂದ ಹಿರಿಮಗಳಿಗೆ ಯಾವ ಕಾರ್ಡೂ ಜಡೆ ಹಾಕುವುದಿಲ್ಲ. ಆ ಪಾಲು ನಮ್ಮದು.

ತಾಯಿ ಅಲ್ಲಿದ್ದು ಏನು ಮಾಡುತ್ತಾಳೆ, ನೋಡಿಕೊಳ್ಳಲು ನರ್ಸ್‌ಗಳಿದ್ದಾರಲ್ಲ ಎಂದು ಕೇಳುವವರಿದ್ದಾರೆ. ಅದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರ ಹೇಳಬೇಕು. ಹೃದಯದ ತೊಂದರೆಯಿರುವ ಕೂಸಿಗೆ ಮೊಲೆ ಚೀಪುವುದೇ ದೊಡ್ಡ ದುಡಿಮೆ. ನಾಲ್ಕು ಗುಟುಕಿಗೆ ಹಣೆ ಬೆವರುತ್ತದೆ, ಉಸಿರು ಮೇಲೇರುತ್ತದೆ, ದಣಿದು ನಿದ್ದೆಗೆ ಜಾರುತ್ತದೆ. ಬೇರೆ ಮಕ್ಕಳಿಗಿಂತ ಹೆಚ್ಚು ಶಕ್ತಿ ಬೇಕಾದ ಮಗುವೇ ಕಡಿಮೆ ಕುಡಿಯುತ್ತದೆ. ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ ಉಸಿರಾಟದ ಯಂತ್ರ, ಎದೆಯಿಂದ ನೀರಿಳಿಸುವ ನಳಿಗೆ, ಮೂಗಿನ ಮೂಲಕ ಹೊಟ್ಟೆಗಿಳಿಸಿದ ಸಣ್ಣ ನಳಿಗೆ. ಹಾಲು ಕೊಡಬಹುದೆಂದು ಡಾಕ್ಟರು ಹೇಳಿದ ಮೇಲೆ ಆ ಸಣ್ಣ ನಳಿಗೆಯಲ್ಲಿ ಹನಿಹನಿಯಾಗಿ ಇಳಿಯಬೇಕಾದದ್ದು ತಾಯಿಯ ಹಾಲು. ಅದನ್ನು ಆಕೆ ಎರಡು-ಮೂರು ತಾಸಿಗೊಮ್ಮೆ, ನಡುರಾತ್ರಿಯಲ್ಲೂ ಎದ್ದು, ಕೈತೊಳೆದು, ಹಿಂಡಿ ತೆಗೆದುಕೊಡಬೇಕು. ಹಾಗೆ ತೆಗೆಯುತ್ತಿದ್ದರೆ ಮಾತ್ರ ಎದೆಯಲ್ಲಿ ಹಾಲು ನಿಲ್ಲುತ್ತದೆ. ಆಕೆ ಶಾಸ್ತ್ರಕ್ಕೆಂದು ಊರಿಗೆ ಬಂದು ವಾರ ಉಳಿದರೆ, ತಿರುಗಿ ಹೋಗುವಷ್ಟರಲ್ಲಿ ಹಾಲು ಬತ್ತುತ್ತಾ ಬಂದಿರುತ್ತದೆ.

ಇದಲ್ಲದೆ ಕಲಿಯುವುದು ಬಹಳ ಇದೆ. ಔಷಧಿಯನ್ನು ಚಮಚದ ಅಂದಾಜಿನಲ್ಲಿ ಅಲ್ಲ, ಸಿರಿಂಜಿನ ಗೆರೆ ನೋಡಿ ಕೊಡಬೇಕು. ಕೂಸಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅಳುವಾಗ ತುಟಿಯ ಬಣ್ಣ ಹೇಗಿತ್ತು, ಅತ್ತು ನಿಂತ ಮೇಲೆ ಹೇಗಾಯಿತು ಎಂದು ಗುರುತಿಡಬೇಕು. ನರ್ಸಮ್ಮನವರು ಇದನ್ನೆಲ್ಲ ಕಲಿಸುವುದು ಮಂಚದ ಪಕ್ಕದಲ್ಲಿ, ಮಗುವನ್ನು ಮುಂದಿಟ್ಟುಕೊಂಡು. ಫೋನಿನಲ್ಲಿ ಕಲಿಯುವ ವಿದ್ಯೆಯಲ್ಲ ಇದು. ಅತ್ತೆಯೋ ತಾಯಿಯೋ ಜೊತೆಗಿದ್ದು ಕಲಿತರೆ ಇನ್ನೂ ಒಳ್ಳೆಯದು, ಬಾಣಂತಿಗೆ ನಾಲ್ಕು ತಾಸು ನಿದ್ದೆಯಾದರೂ ಸಿಕ್ಕೀತು. ಹೊಲಿಗೆ ಮಾಗದ ಹೊಟ್ಟೆ ಹಿಡಿದುಕೊಂಡು ಐಸಿಯು ಹೊರಗೆ ನೆಲದ ಮೇಲೆ ಕೂತವಳಿಗೂ ಆರೈಕೆ ಬೇಕು ಎಂಬುದನ್ನು ನಾವು ಮರೆತೇಬಿಡುತ್ತೇವೆ.

ಇನ್ನೊಂದು ಮಾತು, ನೋಯಿಸಿದರೂ ಹೇಳಲೇಬೇಕು. "ಗ್ರಹಣದಾಗ ಹೊರಗ ಬಂದಿದ್ಳಂತ", "ಯಾವ ಜನ್ಮದ ಪಾಪನೋ" ಎಂಬ ಮಾತು ಆಸ್ಪತ್ರೆಯ ವರಾಂಡದವರೆಗೂ ಹೋಗಿ ಆಕೆಯನ್ನು ಮುಟ್ಟುತ್ತದೆ. ಕೂಸಿನ ಹೃದಯ ರೂಪುಗೊಳ್ಳುವುದು ಬಸುರಿನ ಮೊದಲ ಎಂಟು ವಾರಗಳಲ್ಲಿ. ಎಷ್ಟೋ ಹೆಣ್ಣುಮಕ್ಕಳಿಗೆ ಆಗ ಬಸುರಿಯಾದದ್ದೂ ತಿಳಿದಿರುವುದಿಲ್ಲ. ಬಹುತೇಕ ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಈ ಅಪಾಯ ಹೆಚ್ಚುತ್ತದೆ, ಅದು ನಿಜ. ಆದರೆ ಸೋದರಮಾವನಿಗೆ ಕೊಟ್ಟು ಮದುವೆ ಮಾಡಿದವರು ಎರಡೂ ಕಡೆಯ ಹಿರಿಯರು. ತಾವು ಕೂಡಿಸಿದ ಸಂಬಂಧದ ಭಾರವನ್ನು ಹಸಿ ಬಾಣಂತಿಯೊಬ್ಬಳ ತಲೆಗೆ ಕಟ್ಟುವುದು ಯಾವ ನ್ಯಾಯ?

2003ರ ಜುಲೈನಲ್ಲಿ ಲಾಹೋರಿನ ಪುಟ್ಟ ಹುಡುಗಿಯೊಬ್ಬಳು ಆಗಷ್ಟೇ ಮತ್ತೆ ಶುರುವಾಗಿದ್ದ ಬಸ್ಸಿನಲ್ಲಿ ಗಡಿ ದಾಟಿ, ಹೃದಯದ ಶಸ್ತ್ರಚಿಕಿತ್ಸೆಗೆ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಬಂದಿದ್ದಳು. ಆಕೆ ಚೇತರಿಸಿಕೊಳ್ಳಲೆಂದು ನಮ್ಮ ಜನ ಪ್ರಾರ್ಥಿಸಿದರು, ಹಣ ಕಳಿಸಿದರು. ವೈರವಿದ್ದ ದೇಶದ ಮಗುವಿಗೆ ಅಷ್ಟು ಮರುಗಿದ ನಾಡು ಇದು. ನಮ್ಮದೇ ಓಣಿಯ ಕೂಸಿಗೆ ಮರುಗುವುದು ನಮಗೆ ಕಷ್ಟವಾಗಬಾರದು.

ಹಾಗಾದರೆ ಮಾಡುವುದೇನು? ನಮ್ಮ ಹಿರಿಯರ ಮುಯ್ಯಾಳಿನ ಪದ್ಧತಿ ಇದೆಯಲ್ಲ, ಅದನ್ನೇ ಇಲ್ಲಿ ನಡೆಸೋಣ. ಅವರ ಹೊಲದ ರಾಶಿಯನ್ನು ನಾಲ್ಕು ಮನೆಯವರು ಕೂಡಿ ಮಾಡಿಕೊಡೋಣ. ದನಕ್ಕೆ ಮೇವು ಹಾಕೋಣ, ದೊಡ್ಡ ಮಕ್ಕಳಿಗೆ ರೊಟ್ಟಿ ಮಾಡಿ ಹಾಕಿ ಶಾಲೆಗೆ ಕಳಿಸೋಣ. ನೋಡಲಿಕ್ಕೆಂದು ಜೀಪು ಮಾಡಿಕೊಂಡು ಗುಂಪಾಗಿ ಹೋಗುವ ಖರ್ಚನ್ನು ಆ ದಂಪತಿಯ ಊಟಕ್ಕೆ ಕಳಿಸೋಣ. ಕಲಬುರಗಿಯಲ್ಲಿ ಓದುತ್ತಿರುವ ನಮ್ಮೂರ ಹುಡುಗ-ಹುಡುಗಿಯರು ರಕ್ತ ಕೊಡಲು ಮುಂದೆ ಬರಲಿ. ಗಾಣಗಾಪುರದ ದತ್ತನಿಗೆ, ಬಂದೇನವಾಜರ ದರ್ಗಾಕ್ಕೆ ಹೊತ್ತ ಹರಕೆಗಳನ್ನು ಖಂಡಿತ ತೀರಿಸೋಣ, ಆದರೆ ಕೂಸು ಗಟ್ಟಿಯಾದ ಮೇಲೆ. ಜಾತ್ರೆಯ ಜನಜಂಗುಳಿಗೆ ಅದನ್ನು ಈಗಲೇ ಒಯ್ಯುವುದು ಬೇಡ.

ಕೂಸು ಮನೆಗೆ ಬಂದ ಮೇಲೆ ನಮ್ಮ ಪ್ರೀತಿಗೆ ಸ್ವಲ್ಪ ಬೇಲಿ ಬೇಕು. ಬಾಣಂತಿ ಕೋಣೆಗೆ ಲೋಬಾನದ ಹೊಗೆ ಬೇಡ, ಬೀಡಿಯ ಹೊಗೆಯಂತೂ ಬೇಡ. ಕೆಮ್ಮು ನೆಗಡಿ ಇದ್ದವರು ಹೊಸ್ತಿಲಲ್ಲೇ ಮಾತಾಡಿಸಿ ಬನ್ನಿ. ಎದೆಯ ಮೂಳೆ ಕೂಡಿಕೊಳ್ಳುವವರೆಗೆ ಕಂಕುಳಿಗೆ ಕೈಹಾಕಿ ಎತ್ತಬಾರದು; ಕತ್ತು ಮತ್ತು ಕುಂಡೆಯ ಕೆಳಗೆ ಕೈಯಿಟ್ಟು ಎತ್ತಬೇಕು. ಗಾಯಕ್ಕೆ ಎಣ್ಣೆ, ಅರಿಶಿನ ಹಚ್ಚಬೇಡಿ. ಮೈ ನೀಲಿಯಾಯಿತೆಂದು, ಉಸಿರು ಎಳೆಯುತ್ತದೆಂದು ಬರೆ ಹಾಕಿಸಲು ಹೋಗಬೇಡಿ, 108ಕ್ಕೆ ಫೋನ್ ಮಾಡಿ. 2020ರ ಅಕ್ಟೋಬರಿನಲ್ಲಿ ಭೀಮೆ ತುಂಬಿ ಬಂದು ದಾರಿಗಳೇ ಮುಚ್ಚಿದ್ದನ್ನು ನಾವೆಲ್ಲ ಕಂಡಿದ್ದೇವೆ. ಮಳೆಗಾಲದಲ್ಲಿ ಔಷಧಿಯನ್ನು ನಾಲ್ಕಾರು ದಿನ ಹೆಚ್ಚಿಗೇ ಬರೆಸಿಕೊಂಡು ಬರುವಂತೆ ಆ ಮನೆಯವರಿಗೆ ಹೇಳಿ.

ಜಿಲ್ಲಾಡಳಿತಕ್ಕೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ನನ್ನ ಕೋರಿಕೆ ಒಂದೇ. ಕೂಸುಗಳ ಹೃದಯ ಚಿಕಿತ್ಸೆ ನಡೆಯುವ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ, ಆ ವಾರ್ಡಿನ ಹತ್ತಿರವೇ, ತಾಯಂದಿರು ಮಲಗಲು ಮತ್ತು ಮರೆಯಲ್ಲಿ ಕೂತು ಹಾಲು ತೆಗೆಯಲು ಕೋಣೆಯಿರಲಿ, ಎರಡು ಹೊತ್ತು ಬಿಸಿ ಊಟ ಸಿಗಲಿ.

ಊರವರಿಗೆ ಕೊನೆಯದಾಗಿ ಇಷ್ಟು. ಹೆರಿಗೆಯಾದ ಮರುದಿನ, ಇಪ್ಪತ್ನಾಲ್ಕು ತಾಸು ಕಳೆದ ಮೇಲೆ, ಕೂಸಿನ ಬಲಗೈಗೂ ಒಂದು ಕಾಲಿಗೂ ಆಕ್ಸಿಮೀಟರ್ ಹಚ್ಚಿ ನೋಡಿ ಎಂದು ಆಸ್ಪತ್ರೆಯಲ್ಲಿ ಕೇಳಿ. 95ಕ್ಕಿಂತ ಕಡಿಮೆ ಬಂದರೆ ಅಲ್ಲಿಗೇ ಬಿಡದೆ ಡಾಕ್ಟರಿಗೆ ತೋರಿಸಿ. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರುತ್ತಾರೆ. ಮೊಲೆ ಕುಡಿಯುವಾಗ ಬೆವರುತ್ತದೆಯೇ, ತೂಕ ಏರಿದೆಯೇ ಎಂಬುದನ್ನು ಅವರ ಮುಂದೆ ಮುಚ್ಚಿಡಬೇಡಿ. ಮುಂದಿನ ಗ್ರಾಮಸಭೆಯಲ್ಲಿ ರಕ್ತ ಕೊಡಬಲ್ಲವರ ಹೆಸರು, ಗುಂಪು, ಫೋನ್ ನಂಬರಿನ ಪಟ್ಟಿಯೊಂದನ್ನು ಬರೆದು ಪಂಚಾಯಿತಿಯಲ್ಲೂ ಆಶಾ ಕಾರ್ಯಕರ್ತೆಯ ಕೈಯಲ್ಲೂ ಇಡೋಣ.